40 ಮೀಟರ್ ಡೈಪೋಲ್‌ಗೆ 1:1 ಬಾಲನ್: ಕೋರ್ ಆರಿಸುವುದರಿಂದ ಮೇಲೆ ಏರಿಸುವವರೆಗೆ

ಹೊಸ ಹ್ಯಾಮ್ ಗೆಳೆಯರು, ಅಂದರೆ ಹವ್ಯಾಸಿ ರೇಡಿಯೊದವರು, ಸುತ್ತಿದ ಬಾಲನ್‌ಗಳು ಆಗಾಗ ನನ್ನ ಮೇಜಿಗೆ ಬರುತ್ತವೆ. ಬಾಲನ್ ಅಂದರೆ ಆಂಟೆನಾಗೂ ಅದರ ಕೇಬಲ್ಲಿಗೂ ನಡುವೆ ಕೂರಿಸುವ, ಕೇಬಲ್ಲಿನ ಹೊರಮೈ ಕರೆಂಟನ್ನು ತಡೆಯುವ ಸುರುಳಿ. ಕೋರ್ ಅಂದರೆ ಆ ಸುರುಳಿ ಸುತ್ತುವ ಕಾಂತೀಯ ಬಳೆ. ನೋಡೋಕೆ ಎಲ್ಲವೂ ಅಚ್ಚುಕಟ್ಟು. ಸುತ್ತು ಬಿಗಿಯಾಗಿರುತ್ತದೆ, ಡಬ್ಬಿ ಚೆನ್ನಾಗಿರುತ್ತದೆ, ಸೋಲ್ಡರ್ ಹೊಳೆಯುತ್ತಿರುತ್ತದೆ. ಅಳೆದು ನೋಡಿದರೆ ಬಾಲನ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ತಪ್ಪುಗಳು ಹೆಚ್ಚುಕಡಿಮೆ ನಾಲ್ಕೇ. ಕೋರ್ ಬೇರೆಯದು, ಸುತ್ತಿನ ಎಣಿಕೆ ತಪ್ಪು, ಅರ್ಧದಷ್ಟು ಸುತ್ತುಗಳು ಉಲ್ಟಾ, ಇಲ್ಲವೇ ಡಬ್ಬಿಯೇ ಬಾಲನ್ನನ್ನು ಶಾರ್ಟ್ ಮಾಡಿರುತ್ತದೆ. ನಾಲ್ಕನ್ನೂ ಡಬ್ಬಿ ಮುಚ್ಚುವ ಮೊದಲೇ ಹಿಡಿಯಬಹುದು. ಹಾಗಾಗಿ ಇಲ್ಲಿ ಹೇಳಿದ ಕ್ರಮ ಬಿಡಬೇಡಿ. ಯಾವ ಹಂತವನ್ನೂ ಹಿಂದೆ ಮುಂದೆ ಮಾಡಬೇಡಿ.

ನಾವು ಮಾಡುತ್ತಿರುವುದು 7 ಮೆಗಾಹರ್ಟ್ಸ್, ಅಂದರೆ 40 ಮೀಟರ್ ಬ್ಯಾಂಡಿನ ಡೈಪೋಲ್ (ನಡುವಿನಿಂದ ಎರಡು ಕಡೆ ಕೈ ಚಾಚಿದ ತಂತಿ ಆಂಟೆನಾ) ಅಥವಾ ಇನ್ವರ್ಟೆಡ್ ವೀಗೆ (ಅದೇ ಕೈಗಳನ್ನು ಕೆಳಗೆ ಇಳಿಜಾರಾಗಿ ಕಟ್ಟಿದ್ದು) 1:1 ಕರೆಂಟ್ ಬಾಲನ್. 1:1 ಅಂದರೆ ಇಂಪೀಡೆನ್ಸ್ (ಎಸಿ ಕರೆಂಟಿಗೆ ಇರುವ ಒಟ್ಟು ತಡೆ) ಬದಲಿಸದ್ದು. 100 ವ್ಯಾಟ್ ರಿಗ್‌ಗೆ (ರೇಡಿಯೊ ಸೆಟ್ಟಿಗೆ) ಆರಾಮಾಗಿ ಸಾಕು. ತುದಿಯಿಂದ ಫೀಡ್ ಮಾಡುವ ಅರ್ಧ ತರಂಗದ ತಂತಿಗೆ ಇದು ಆಗುವುದಿಲ್ಲ. ಅದಕ್ಕೆ 49:1 ಟ್ರಾನ್ಸ್‌ಫಾರ್ಮರ್ ಬೇಕು, ಅದರ ದಾರಿಯೇ ಬೇರೆ.

## ಬಾಲನ್ ಬೇಕು ಅಂತ ಹೇಳುವ ಲಕ್ಷಣಗಳು

ಮೈಕ್ ಹತ್ತಿರ ಬಾಯಿ ತಂದರೆ ತುಟಿಗೆ ಚುರ್ ಅನ್ನುತ್ತದೆ. ಕಂಪ್ಯೂಟರಿನಿಂದ ಎಫ್‌ಟಿ8 ಅನ್ನುವ ಡಿಜಿಟಲ್ ಸಂದೇಶ ಕಳಿಸುವಾಗ ಮೌಸ್ ನಿಂತುಹೋಗುತ್ತದೆ, ಯುಎಸ್‌ಬಿ ಸೌಂಡ್ ಕಾರ್ಡ್ ಕಳಚಿಕೊಳ್ಳುತ್ತದೆ. ಕೇಬಲ್ಲನ್ನು ಸ್ವಲ್ಪ ಆಚೀಚೆ ಸರಿಸಿದರೆ ಎಸ್‌ಡಬ್ಲ್ಯುಆರ್ (ಕೇಬಲ್ಲಿಗೆ ಆಂಟೆನಾ ಎಷ್ಟು ಹೊಂದಿದೆ ಅನ್ನುವ ಅಳತೆ, 1ಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು) ಬದಲಾಗುತ್ತದೆ. ಇವೆಲ್ಲದರ ಹಿಂದೆ ಇರುವುದು ಒಂದೇ ಸಂಗತಿ: ಕೋಆಕ್ಸ್ ಕೇಬಲ್ಲಿನ ಬ್ರೇಡ್, ಅಂದರೆ ಹೊರಗಿನ ಜಾಲರಿ, ತನ್ನ ಹೊರಮೈಯಲ್ಲಿ ಕರೆಂಟ್ ಹರಿಸಿಕೊಂಡು ಆಂಟೆನಾದ ಮೂರನೇ ಕಾಲು ಆಗಿದೆ.

ಫೆರೈಟ್ ಕೋರ್ ಮೇಲೆ ಕೇಬಲ್ ಸುತ್ತಿದರೆ ಈ ಹೊರಮೈ ಕರೆಂಟಿಗೆ ದೊಡ್ಡ ತಡೆ ಎದುರಾಗುತ್ತದೆ. ಒಳಗಿನ ಸಿಗ್ನಲ್‌ಗೆ ತೊಂದರೆ ಇಲ್ಲ. ಒಳತಂತಿಯಲ್ಲಿ ಹೋಗುವ ಕರೆಂಟು ಬ್ರೇಡಿನ ಒಳಮೈಯಲ್ಲಿ ಅಷ್ಟೇ ಪ್ರಮಾಣದಲ್ಲಿ ವಾಪಸ್ ಬರುತ್ತದೆ, ಆದ್ದರಿಂದ ಕೋರ್‌ಗೆ ಅದು ಗೊತ್ತೇ ಆಗುವುದಿಲ್ಲ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಡೈಪೋಲ್ ಉದ್ದ ತಪ್ಪಿದ್ದರಿಂದ ಎಸ್‌ಡಬ್ಲ್ಯುಆರ್ ಜಾಸ್ತಿ ಬರುತ್ತಿದ್ದರೆ ಈ ಬಾಲನ್ ಅದನ್ನು ಸರಿ ಮಾಡುವುದಿಲ್ಲ. ಅದಕ್ಕೆ ತಂತಿಯನ್ನೇ ಕತ್ತರಿಸಬೇಕು.

## 1. ಮೊದಲು ಕೋರ್ ಯಾವುದು ಅಂತ ಖಚಿತ ಮಾಡಿಕೊಳ್ಳಿ

ಬೇಕಾಗಿರುವುದು ಎಫ್‌ಟಿ240-43. ಹೊರ ವ್ಯಾಸ 61 ಮಿ.ಮೀ., ಒಳ ವ್ಯಾಸ 35.5 ಮಿ.ಮೀ., ದಪ್ಪ 12.7 ಮಿ.ಮೀ. ಹೆಸರಿನಲ್ಲಿರುವ 240 ಅಂದರೆ 2.40 ಇಂಚು. 43 ಅನ್ನುವುದು ಫೆರೈಟ್ ಮಿಶ್ರಣದ ನಂಬರ್. ಅಂಗಡಿಯಲ್ಲಿ ಕೇಳುವಾಗ ಎರಡೂ ನಂಬರ್ ಹೇಳಿ. ಬರೀ "ಬಾಲನ್ ಕೋರ್ ಕೊಡಿ" ಅಂದರೆ ಕೈಗೆ ಏನು ಬರುತ್ತದೋ ಹೇಳಲಾಗದು.

ಜನ ಹೆಚ್ಚು ಎಡವುವುದು ಇಲ್ಲೇ. ಟಿ200-2 ಅನ್ನುವ ಕೆಂಪು ಬಣ್ಣದ ಕೋರ್ ಇದೆ. ಅದು ಕಬ್ಬಿಣದ ಪುಡಿಯದ್ದು. ಟ್ಯೂನ್ಡ್ ಸರ್ಕ್ಯೂಟ್‌ಗೆ ಒಳ್ಳೆಯದು, ನಮ್ಮ ಕೆಲಸಕ್ಕೆ ಬರುವುದಿಲ್ಲ. ಹಳೆಯ ಕಂಪ್ಯೂಟರ್ ಪವರ್ ಸಪ್ಲೈನಿಂದ ಕಿತ್ತ ಹಳದಿ-ಬಿಳಿ ಕೋರ್ ಕೂಡ ಬೇಡ. 43 ಮಿಶ್ರಣದ ಕೋರ್‌ಗೆ ಸಾಮಾನ್ಯವಾಗಿ ಬಣ್ಣ ಇರುವುದಿಲ್ಲ, ಕಪ್ಪು-ಬೂದು ಕಲ್ಲಿನ ಹಾಗೆ ಕಾಣುತ್ತದೆ. ಆದರೆ 61 ಮಿಶ್ರಣವೂ ಹಾಗೇ ಕಾಣುತ್ತದೆ. ಕಣ್ಣು ನಂಬುವ ಹಾಗಿಲ್ಲ, ಅಳೆಯಲೇಬೇಕು.

ಯಾವುದಾದರೂ ಹುಕ್-ಅಪ್ ತಂತಿ ತೆಗೆದುಕೊಂಡು ಕೋರ್ ಮೇಲೆ 10 ಸುತ್ತು ಹಾಕಿ. ಎಲ್‌ಸಿ ಮೀಟರಿನಲ್ಲಿ ಇಂಡಕ್ಟೆನ್ಸ್ ನೋಡಿ. ಕಡಿಮೆ ಬೆಲೆಯ ಟ್ರಾನ್ಸಿಸ್ಟರ್ ಟೆಸ್ಟರ್ ಕೂಡ ಸಾಕು. ಎಫ್‌ಟಿ240-43 ಆದರೆ ಸುಮಾರು 107 ಮೈಕ್ರೊಹೆನ್ರಿ ಬರಬೇಕು. ಫೆರೈಟ್‌ನಲ್ಲಿ ಶೇ. 20ರಷ್ಟು ಹೆಚ್ಚುಕಡಿಮೆ ಸಹಜ. 17 ಮೈಕ್ರೊಹೆನ್ರಿ ಆಸುಪಾಸು ಬಂದರೆ ಅದು 61 ಮಿಶ್ರಣ. ಬರೀ 1.2 ಬಂದರೆ ಕೆಂಪು ಕೋರ್‌ನ ಜಾತಿ. ಎರಡು ನಿಮಿಷದ ಈ ಕೆಲಸ ಮುಂದಿನ ಒಂದಿಡೀ ಭಾನುವಾರವನ್ನು ಉಳಿಸುತ್ತದೆ.

50 ವ್ಯಾಟ್ ಮಿತಿಯೊಳಗೆ ಕೆಲಸ ಮಾಡುವ ರಿಸ್ಟ್ರಿಕ್ಟೆಡ್ ಗ್ರೇಡ್ ಲೈಸೆನ್ಸಿನವರಿಗೆ ಚಿಕ್ಕದಾದ ಎಫ್‌ಟಿ140-43 ಕೂಡ ನಡೆಯುತ್ತದೆ. ಆದರೆ ಮೊದಲ ಸಲ ಸುತ್ತುವವರಿಗೆ ದೊಡ್ಡ ಕೋರೇ ಸುಲಭ. ಕೈ ಆಡಿಸಲು ಜಾಗ ಸಿಗುತ್ತದೆ.

## 2. ಸಾಮಾನು ಜೋಡಿಸಿಕೊಳ್ಳಿ

ಕೇಬಲ್: ಆರ್‌ಜಿ-316, 1.2 ಮೀಟರ್. ಹೊರ ವ್ಯಾಸ ಬರೀ 2.5 ಮಿ.ಮೀ. ಒಳಗಿನ ಇನ್ಸುಲೇಷನ್ ಟೆಫ್ಲಾನ್, ಸೋಲ್ಡರ್ ಬಿಸಿಗೆ ಕರಗುವುದಿಲ್ಲ. ಇಷ್ಟು ಉದ್ದದಲ್ಲಿ 7 ಮೆಗಾಹರ್ಟ್ಸ್‌ಗೆ ಆಗುವ ನಷ್ಟ ಸುಮಾರು 0.1 ಡಿಬಿ (ಡೆಸಿಬೆಲ್), ಲೆಕ್ಕಕ್ಕೆ ತರುವಷ್ಟಲ್ಲ.

ಮನೆಯಲ್ಲಿ ಆರ್‌ಜಿ-58 ಇದೆ, ಅದನ್ನೇ ಸುತ್ತಬಹುದಾ ಅಂತ ತುಂಬ ಜನ ಕೇಳುತ್ತಾರೆ. ಬೇಡ ಅನ್ನುವುದೇ ನನ್ನ ಉತ್ತರ. ಅದು 5 ಮಿ.ಮೀ. ದಪ್ಪ, ಕೋರಿನ ಅಂಚಿನಲ್ಲಿ ತುಂಬ ಬಿಗಿಯಾಗಿ ಬಗ್ಗುತ್ತದೆ. ಒಳಗಿನ ಪಾಲಿಥೀನ್ ಬಿಸಿಗೆ ಮೆತ್ತಗಾಗುತ್ತದೆ. ಬಿಗಿಯಾಗಿ ಬಗ್ಗಿದ ಕಡೆ ಒಳತಂತಿ ನಿಧಾನವಾಗಿ ಬ್ರೇಡ್ ಕಡೆಗೆ ಜರುಗಿ ಒಂದು ದಿನ ಶಾರ್ಟ್ ಆಗುತ್ತದೆ. ಎನಾಮಲ್ ತಂತಿಯ ಜೋಡಿ ಸುತ್ತಿಯೂ ಬಾಲನ್ ಮಾಡಬಹುದು. ಆದರೆ ಜೋಡಿಯ ಇಂಪೀಡೆನ್ಸ್ ಎರಡು ತಂತಿಗಳ ನಡುವಿನ ಅಂತರದ ಮೇಲೆ ನಿಂತಿರುತ್ತದೆ. ಕೋಆಕ್ಸ್ ಆದರೆ ಆ 50 ಓಮ್ ಕಾರ್ಖಾನೆಯಿಂದಲೇ ಸಿದ್ಧವಾಗಿ ಬರುತ್ತದೆ.

ಉಳಿದದ್ದು: ಎಸ್‌ಒ-239 ಸಾಕೆಟ್ (ಕೋಆಕ್ಸ್ ಕೇಬಲ್ಲಿನ ಪ್ಲಗ್ ಕೂರುವುದು) ಒಂದು, ಮನೆ ವೈರಿಂಗ್‌ಗೆ ಬಳಸುವ ಪಿವಿಸಿ ಜಂಕ್ಷನ್ ಬಾಕ್ಸ್ ಒಂದು, ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಎರಡು, ಕೊಕ್ಕೆ ಬೋಲ್ಟ್ ಮೂರು, ಚಿಕ್ಕ ಕೇಬಲ್ ಟೈಗಳು, ಮತ್ತು ಪ್ಲಂಬರ್‌ಗಳು ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪು. ಬೆಂಗಳೂರಿನವರಿಗೆ ಇದರಲ್ಲಿ ಮುಕ್ಕಾಲು ಪಾಲು ಎಸ್.ಪಿ. ರಸ್ತೆಯಲ್ಲಿ ಒಂದೇ ಸುತ್ತಿಗೆ ಸಿಗುತ್ತದೆ.

ಸೋಲ್ಡರಿಂಗ್ ಐರನ್ 60 ವ್ಯಾಟ್‌ನದ್ದು ಇರಲಿ. 25 ವ್ಯಾಟ್‌ನದ್ದು ಎಸ್‌ಒ-239ರ ದಪ್ಪ ಪಿನ್ನಿನ ಮುಂದೆ ಸೋಲುತ್ತದೆ. ಸೋಲ್ಡರ್ ಮೇಲೆ ಕೂತಂತೆ ಕಾಣುತ್ತದೆ, ಒಳಗೆ ಹಿಡಿದಿರುವುದಿಲ್ಲ. ಅಳತೆಗೆ ಮಲ್ಟಿಮೀಟರ್ ಮತ್ತು ನ್ಯಾನೊ ವಿಎನ್‌ಎ (ಬೇರೆ ಬೇರೆ ಫ್ರೀಕ್ವೆನ್ಸಿಯಲ್ಲಿ ಅಳೆದು ಗ್ರಾಫ್ ತೋರಿಸುವ ಚಿಕ್ಕ ಉಪಕರಣ). ವಿಎನ್‌ಎ ನಿಮ್ಮಲ್ಲಿ ಇಲ್ಲದಿದ್ದರೆ ಊರಿನ ಹ್ಯಾಮ್ ಕ್ಲಬ್ಬಿನಲ್ಲಿ ಕೇಳಿ. ಒಂದು ಸಂಜೆಗೆ ಕೊಡದವರು ಕಡಿಮೆ.

## 3. ಕೋರ್ ಸಿದ್ಧ ಮಾಡಿ

ಫೆರೈಟ್ ಅಂದರೆ ಪಿಂಗಾಣಿ ಇದ್ದ ಹಾಗೆ. ಕೈಜಾರಿ ನೆಲಕ್ಕೆ ಬಿದ್ದರೆ ಸೀಳುತ್ತದೆ. ಬೆಳಕಿಗೆ ಹಿಡಿದು ಕೂದಲೆಳೆಯಂಥ ಬಿರುಕು ಇದೆಯಾ ನೋಡಿ. ಬಿರುಕು ಬಿಟ್ಟ ಕೋರ್ ಅಂಟಿಸಿ ಬಳಸಬೇಡಿ, ನಡುವಿನ ಸಣ್ಣ ಸಂದಿಯೇ ಅದರ ಶಕ್ತಿ ತಿಂದುಹಾಕುತ್ತದೆ. ಅಂಚು ಚೂಪಾಗಿದ್ದರೆ ಬಿಳಿ ಟೇಪನ್ನು ಒಂದು ಪದರ ಸುತ್ತಿ. ಕೇಬಲ್ಲಿನ ಹೊರಪೊರೆ ಉಜ್ಜಿಹೋಗದಿರಲಿ ಅಂತ ಅಷ್ಟೇ.

## 4. ಸುತ್ತುವುದು

ಎಷ್ಟು ಸುತ್ತು? 12. ಆರು ಒಂದು ಕಡೆ, ಆರು ಇನ್ನೊಂದು ಕಡೆ. ಹೀಗೆ ಎರಡು ಭಾಗ ಮಾಡಿ ನಡುವೆ ದಾಟಿಸುವುದರಿಂದ ಕೇಬಲ್ ಒಳಬರುವ ತುದಿಯೂ ಹೊರಹೋಗುವ ತುದಿಯೂ ಎದುರುಬದುರಾಗಿ ದೂರ ಉಳಿಯುತ್ತವೆ. ಡಬ್ಬಿಯಲ್ಲಿ ಕೂರಿಸುವುದು ಸುಲಭ.

ಎಣಿಕೆಯ ನಿಯಮ ಒಂದೇ. ಕೇಬಲ್ ತೂತಿನೊಳಗೆ ಒಂದು ಸಲ ಹೋಯಿತು ಅಂದರೆ ಒಂದು ಸುತ್ತು. ಹೊರಗಡೆ ಪೂರ್ತಿ ಬಳಸಿ ಬರಬೇಕು ಅಂತೇನಿಲ್ಲ. ತುಂಬ ಜನ ಹೊರಗಿನ ಎಳೆ ಎಣಿಸುತ್ತಾರೆ, ಒಂದು ಸುತ್ತು ಲೆಕ್ಕ ತಪ್ಪುತ್ತದೆ.

ದಿಕ್ಕಿನ ನಿಯಮವೂ ಒಂದೇ. ಪ್ರತಿ ಸಲವೂ ಕೇಬಲ್ ಮೇಲಿನಿಂದಲೇ ತೂತಿಗೆ ಇಳಿಯಬೇಕು. ಒಂದು ಸಲ ಕೂಡ ಕೆಳಗಿನಿಂದ ಮೇಲಕ್ಕೆ ಬರಬಾರದು.

ಈಗ ಕೋರನ್ನು ಮೇಜಿನ ಮೇಲೆ ಮಲಗಿಸಿ. ಅದು ಗಡಿಯಾರದ ಮುಖ ಅಂದುಕೊಳ್ಳಿ. ನಿಮ್ಮ ಎದೆಯ ಕಡೆಗಿರುವುದು 6 ಗಂಟೆ.

ಕೇಬಲ್ಲಿನ ಒಂದು ತುದಿಯಲ್ಲಿ 15 ಸೆಂ.ಮೀ. ಬಿಟ್ಟು, 7 ಗಂಟೆಯ ಜಾಗದಲ್ಲಿ ಕೋರಿನ ಮೇಲೆ ಇಡಿ. ಬಾಲ ನಿಮ್ಮ ಕಡೆಗೆ ಇರಲಿ. ಉದ್ದದ ಭಾಗವನ್ನು ಮೇಲಿನಿಂದ ತೂತಿಗೆ ಇಳಿಸಿ. ಇದು ಒಂದು. ಅಲ್ಲೇ ಒಂದು ಕೇಬಲ್ ಟೈ ಹಾಕಿ, ಬಾಲ ಜಾರುವುದಿಲ್ಲ. ಕೆಳಗಿನಿಂದ ಕೇಬಲ್ ಎಳೆದು, ಹೊರಬದಿಯಿಂದ ಮೇಲೆ ತಂದು, ಹಿಂದಿನ ಎಳೆಯ ಪಕ್ಕದಲ್ಲಿ ಮತ್ತೆ ತೂತಿಗೆ ಇಳಿಸಿ. ಇದು ಎರಡು. ಹೀಗೆ 8, 9, 10 ಗಂಟೆ ದಾಟುತ್ತ ಹೋಗಿ. ಆರನೆಯದು 11 ಗಂಟೆ ಹತ್ತಿರ ಇಳಿಯಬೇಕು.

ಪ್ರತಿ ಸಲ ಇಡೀ ಕೇಬಲ್ ಎಳೆಯಬೇಕಾಗುತ್ತದೆ. ಅವಸರ ಮಾಡಿದರೆ ಕೇಬಲ್ ಮಧ್ಯದಲ್ಲಿ ಗಂಟಿನಂಥ ಕುಣಿಕೆ ಬಿದ್ದು ಮುರಿಯುತ್ತದೆ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ತಿರುಚು ಬಿಡಿಸುತ್ತ, ನಿಧಾನವಾಗಿ ಎಳೆಯಿರಿ. ಕೋರಿಗೆ ತಾಕಿ ಕೂತರೆ ಸಾಕು. ವೀಣೆಯ ತಂತಿಯ ಹಾಗೆ ಬಿಗಿಯುವುದು ಬೇಡ.

ಈಗ ದಾಟುವ ಜಾಗ. ಇಲ್ಲಿ ನಿಧಾನವಾಗಿ ಓದಿ. ಆರನೇ ಸಲ ಇಳಿದ ಕೇಬಲ್ ಈಗ ಕೋರಿನ ಅಡಿಯಲ್ಲಿದೆ. ಅದನ್ನು 11 ಗಂಟೆಯ ಹೊರಬದಿಗೆ ತರಬೇಡಿ. ಅಡಿಯಲ್ಲೇ ತೂತಿನ ಕೆಳಗಿಂದ ನೇರವಾಗಿ ಎದುರಿನ 5 ಗಂಟೆಗೆ ಒಯ್ಯಿರಿ. ಅಲ್ಲಿ ಕೋರಿನ ಅಡಿಯಿಂದ ಹೊರಬದಿಗೆ ಬಂದು, ಮೇಲೆ ಹತ್ತಿಸಿ, ಮೇಲಿನಿಂದ ತೂತಿಗೆ ಇಳಿಸಿ. ಇದು ಏಳು. ಮುಂದೆ 4, 3, 2 ಗಂಟೆಯ ಕಡೆಗೆ ಸಾಗಿ. ಹನ್ನೆರಡನೆಯದು 1 ಗಂಟೆಗೆ ಇಳಿಯುತ್ತದೆ. ಉಳಿದ ತುದಿಯನ್ನು ಅಡಿಯಿಂದ 12 ಗಂಟೆಯ ಕಡೆಗೆ ಹೊರತಂದು ಟೈ ಹಾಕಿ.

ಈ ದಾಟುವಲ್ಲೇ ಎಷ್ಟೋ ಬಾಲನ್‌ಗಳು ಸತ್ತಿವೆ. ಆರನೇ ಸುತ್ತು ಇಳಿದ ಮೇಲೆ ಕೇಬಲ್ ಅಡಿಯಲ್ಲಿದೆ ಅಂತ ಮರೆತು, 5 ಗಂಟೆಯ ಕಡೆ ತೂತಿನಿಂದಲೇ ಮೇಲೆ ತಂದುಬಿಡುತ್ತಾರೆ. ಆಗ ಮೊದಲ ಆರು ಸುತ್ತಿನ ಕೆಲಸವನ್ನು ಮುಂದಿನ ಸುತ್ತುಗಳು ಅಳಿಸಿಹಾಕುತ್ತವೆ. ಹೊರಗಿನಿಂದ ನೋಡಿದರೆ ವ್ಯತ್ಯಾಸವೇ ಕಾಣದು.

ಮುಗಿದ ಮೇಲೆ ತೂತಿನ ಒಳಗೋಡೆಯ ಎಳೆ ಎಣಿಸಿ: 12. ಹೊರಗೋಡೆಯದು ಎಣಿಸಿ: 11. ಈ ಎರಡು ಅಂಕಿ ಬಂದರೆ ಎಣಿಕೆ ಸರಿ.

ಸುತ್ತು ಜಾಸ್ತಿ ಹಾಕಿದರೆ ಇನ್ನೂ ಒಳ್ಳೆಯದಲ್ವಾ ಅಂತ ಅನ್ನಿಸಬಹುದು. ಒಂದು ಮಟ್ಟದವರೆಗೆ ಮಾತ್ರ. ಸುತ್ತು ಹೆಚ್ಚಿದಂತೆ ಎಳೆಗಳ ನಡುವಿನ ಕೆಪಾಸಿಟೆನ್ಸ್ ಕೂಡ ಹೆಚ್ಚುತ್ತದೆ, ತಡೆಯ ಶಿಖರ ಕೆಳಗಿನ ಬ್ಯಾಂಡಿನತ್ತ ಜರುಗುತ್ತದೆ. 40 ಮೀಟರ್‌ಗೆ 12 ಚೆನ್ನಾಗಿ ಹೊಂದುತ್ತದೆ. ಬರೀ 10 ಮೀಟರ್ ಬ್ಯಾಂಡಿಗೆ ಮಾಡುವವರು ಕಡಿಮೆ ಸುತ್ತಿನಿಂದ ಶುರು ಮಾಡಿ, ಅಳೆದು ತೀರ್ಮಾನಿಸಲಿ.

## 5. ತುದಿಗಳನ್ನು ಬಿಡಿಸಿ

ಎರಡೂ ತುದಿಯಲ್ಲಿ 20 ಮಿ.ಮೀ. ಹೊರಪೊರೆ ತೆಗೆಯಿರಿ. ಬ್ಲೇಡ್ ಒತ್ತಬೇಡಿ. ಪೊರೆಯ ಮೇಲೆ ಗೀರಿ, ಬಗ್ಗಿಸಿದರೆ ಅದೇ ಬಿರಿಯುತ್ತದೆ. ಬ್ರೇಡನ್ನು ಸೂಜಿಯಿಂದ ಬಿಡಿಸಿ, ಒಂದು ಪಕ್ಕಕ್ಕೆ ಬಾಚಿ, ಜಡೆಯ ಹಾಗೆ ಹೊಸೆದು, ತೆಳ್ಳಗೆ ಸೋಲ್ಡರ್ ಹಚ್ಚಿ. ಬೆಳ್ಳಿ ಲೇಪ ಇರುವುದರಿಂದ ತಕ್ಷಣ ಹಿಡಿಯುತ್ತದೆ. ಒಳತಂತಿಯನ್ನು 6 ಮಿ.ಮೀ.ನಷ್ಟು ಬಿಡಿಸಿ.

ಒಂದೇ ಒಂದು ಬ್ರೇಡ್ ಎಳೆ ತಪ್ಪಿಸಿಕೊಂಡು ಒಳತಂತಿಗೆ ತಾಗಿದರೂ ರಿಗ್‌ನ ಫೈನಲ್ಸ್‌ಗೆ (ಕೊನೆಯ ಪವರ್ ಟ್ರಾನ್ಸಿಸ್ಟರ್‌ಗಳಿಗೆ) ಅಪಾಯ. ಭೂತಗನ್ನಡಿ ಹಿಡಿದು ನೋಡಿ.

## 6. ಅಳೆಯಿರಿ, ಆಮೇಲೆ ಮುಂದೆ ಹೋಗಿ

ಇಡೀ ಕೆಲಸದ ಜೀವ ಈ ಹಂತದಲ್ಲಿದೆ. ನಾಲ್ಕು ಪರೀಕ್ಷೆ, ಇದೇ ಕ್ರಮದಲ್ಲಿ.

ಮಲ್ಟಿಮೀಟರ್. ಒಳತಂತಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಬೀಪ್ ಬರಬೇಕು. ಬ್ರೇಡ್‌ಗೂ ಹಾಗೇ. ಒಳತಂತಿಗೂ ಬ್ರೇಡ್‌ಗೂ ನಡುವೆ ಬೀಪ್ ಬರಬಾರದು. ಕೇಬಲ್ಲನ್ನು ಅಲ್ಲಲ್ಲಿ ಒತ್ತುತ್ತ ನೋಡಿ.

ಇಂಡಕ್ಟೆನ್ಸ್. ಬ್ರೇಡಿನ ಎರಡು ತುದಿಗಳ ನಡುವೆ ಅಳೆಯಿರಿ. 12 ಸುತ್ತಿಗೆ ಸುಮಾರು 155 ಮೈಕ್ರೊಹೆನ್ರಿ, ಅಂದರೆ 125ರಿಂದ 185ರ ಒಳಗೆ ಇರಬೇಕು. ಹತ್ತಕ್ಕಿಂತ ಕಡಿಮೆ ಬಂತಾ? ಅರ್ಧದಷ್ಟು ಸುತ್ತುಗಳು ಉಲ್ಟಾ ಆಗಿವೆ. ಬಿಚ್ಚಿ, ದಾಟುವ ಜಾಗದಿಂದ ಮತ್ತೆ ಸುತ್ತಿ.

50 ಓಮ್ ಲೋಡ್. ಕಾಲು ವ್ಯಾಟ್‌ನ ಎರಡು 100 ಓಮ್ ರೆಸಿಸ್ಟರ್ ಸಮಾನಾಂತರವಾಗಿ ಜೋಡಿಸಿ ಒಂದು ತುದಿಯಲ್ಲಿ ಒಳತಂತಿಗೂ ಬ್ರೇಡ್‌ಗೂ ನಡುವೆ ಕೂರಿಸಿ. ಇನ್ನೊಂದು ತುದಿ ವಿಎನ್‌ಎಗೆ. 7.0ರಿಂದ 7.2 ಮೆಗಾಹರ್ಟ್ಸ್, ಅಂದರೆ ನಮ್ಮ ದೇಶದ 40 ಮೀಟರ್ ಬ್ಯಾಂಡಿನಲ್ಲಿ ಎಸ್‌ಡಬ್ಲ್ಯುಆರ್ 1.1 ಒಳಗೆ ಇರಬೇಕು. ಹೆಚ್ಚು ಬಂದರೆ ತುದಿಯ ಸೋಲ್ಡರ್ ನೋಡಿ, ರೆಸಿಸ್ಟರ್‌ನ ಕಾಲು ಉದ್ದವಾಗಿದೆಯಾ ನೋಡಿ. ಆದರೆ ನೆನಪಿರಲಿ, ಈ ಪರೀಕ್ಷೆ ಪಾಸಾದರೆ ಕೇಬಲ್ ಸರಿಯಾಗಿದೆ ಅಂತಷ್ಟೇ ಅರ್ಥ. ಕೋರೇ ಇಲ್ಲದಿದ್ದರೂ ಇದು ಪಾಸಾಗುತ್ತದೆ. ಬಹಳ ಮಂದಿ ಇಲ್ಲಿಗೇ ನಿಲ್ಲಿಸಿ ಡಬ್ಬಿ ಮುಚ್ಚುತ್ತಾರೆ.

ತಡೆಯ ಪರೀಕ್ಷೆ. ರೆಸಿಸ್ಟರ್ ತೆಗೆಯಿರಿ. ಎರಡೂ ತುದಿಯಲ್ಲಿ ಒಳತಂತಿಯನ್ನೂ ಬ್ರೇಡನ್ನೂ ಸೇರಿಸಿ ಹೊಸೆಯಿರಿ. ಈಗ ಬಾಲನ್ ಅಂದರೆ ಬರೀ ಒಂದು ಕಾಯಿಲ್. ಅದರ ಒಂದು ತುದಿ ವಿಎನ್‌ಎಯ ಸಿಎಚ್0ನ ಒಳಪಿನ್ನಿಗೆ, ಇನ್ನೊಂದು ತುದಿ ಸಿಎಚ್1ನ ಒಳಪಿನ್ನಿಗೆ. ಕ್ಯಾಲಿಬ್ರೇಷನ್ ಮೊದಲೇ ಆಗಿರಬೇಕು. ಜೋಡಿಸುವ ತಂತಿ ಆದಷ್ಟು ಗಿಡ್ಡ ಇರಲಿ, ಕಾಯಿಲನ್ನು ಕೈಯಲ್ಲಿ ಹಿಡಿಯಬೇಡಿ. 1ರಿಂದ 30 ಮೆಗಾಹರ್ಟ್ಸ್‌ವರೆಗೆ ಎಸ್21 ಗ್ರಾಫ್ (ಸಿಎಚ್0ನಿಂದ ಸಿಎಚ್1ಗೆ ಎಷ್ಟು ಸಿಗ್ನಲ್ ದಾಟಿತು ಅನ್ನುವುದು) ನೋಡಿ.

ಎಷ್ಟು ಕೆಳಗಿಳಿಯುತ್ತದೋ ಅಷ್ಟು ಒಳ್ಳೆಯದು. ಮೈನಸ್ 20 ಡಿಬಿ ಅಂದರೆ ತಡೆ ಸುಮಾರು 900 ಓಮ್. ಮೈನಸ್ 26 ಅಂದರೆ 1,900. ಮೈನಸ್ 30 ಅಂದರೆ 3,000ಕ್ಕೆ ಹತ್ತಿರ. 7 ಮೆಗಾಹರ್ಟ್ಸ್‌ನಲ್ಲಿ ಮೈನಸ್ 30 ಅಥವಾ ಇನ್ನೂ ಕೆಳಗೆ ಬಂದರೆ ನಿಮ್ಮ ಬಾಲನ್ ಗೆದ್ದಿತು. ಮೈನಸ್ 20 ಹತ್ತಿರ ನಿಂತರೆ ಕೋರ್ 61 ಮಿಶ್ರಣದ್ದೋ, ಸುತ್ತು ಕಡಿಮೆಯಾಗಿದೆಯೋ ನೋಡಿ. ಬರೀ ಮೈನಸ್ 2 ಬಂದರೆ ಕೆಂಪು ಕೋರ್ ಅಥವಾ ಉಲ್ಟಾ ಸುತ್ತು. 28 ಮೆಗಾಹರ್ಟ್ಸ್ ಕಡೆ ಗ್ರಾಫ್ ಮೇಲೇರುವುದು ಸಹಜ, ಗಾಬರಿ ಬೇಡ.

## 7. ಡಬ್ಬಿಗೆ ಕೂರಿಸುವುದು

ಡಬ್ಬಿ ಪ್ಲಾಸ್ಟಿಕ್ಕಿನದೇ ಇರಲಿ. ಒಮ್ಮೆ ಗೆಳೆಯರೊಬ್ಬರ ಬಾಲನ್ ಮೇಜಿನ ಮೇಲೆ ಮೈನಸ್ 32 ಡಿಬಿ ತೋರಿಸಿ, ಮೇಲೆ ಹೋದ ಮೇಲೆ ಏನೂ ಕೆಲಸ ಮಾಡಲಿಲ್ಲ. ಅಲ್ಯುಮಿನಿಯಂ ಡಬ್ಬಿ. ಎಸ್‌ಒ-239ರ ಮೈ ಡಬ್ಬಿಗೆ ತಾಗಿತ್ತು, ಆಂಟೆನಾ ಕಡೆಯ ಬ್ರೇಡಿನ ಬೋಲ್ಟೂ ಅದೇ ಡಬ್ಬಿಗೆ ತಾಗಿತ್ತು. ಕರೆಂಟು ಕೋರ್ ಕಡೆ ಬರುವ ಅಗತ್ಯವೇ ಇರಲಿಲ್ಲ, ಡಬ್ಬಿಯ ಗೋಡೆಯಲ್ಲೇ ನಡೆದುಹೋಗುತ್ತಿತ್ತು.

ಸಾಕೆಟ್ ಡಬ್ಬಿಯ ತಳದಲ್ಲಿ ಇರಲಿ, ಪಕ್ಕದಲ್ಲಿ ಬೇಡ. ಒಂದು ತುದಿಯ ಒಳತಂತಿ ಸಾಕೆಟ್ ಪಿನ್ನಿಗೆ, ಬ್ರೇಡ್ ಸಾಕೆಟ್ ಮೈಗೆ. ಇನ್ನೊಂದು ತುದಿಯ ಒಳತಂತಿ ಒಂದು ಬೋಲ್ಟಿಗೆ, ಬ್ರೇಡ್ ಇನ್ನೊಂದು ಬೋಲ್ಟಿಗೆ. ಆ ಎರಡು ಬೋಲ್ಟುಗಳು ಡೈಪೋಲಿನ ಎರಡು ಕೈಗಳಿಗೆ. ಯಾವುದು ಎಡ ಯಾವುದು ಬಲ ಅನ್ನುವುದು ಮುಖ್ಯವಲ್ಲ.

ಮೂರು ಕೊಕ್ಕೆಗಳಲ್ಲಿ ಒಂದು ಡಬ್ಬಿಯ ನೆತ್ತಿಗೆ, ಹಗ್ಗದಿಂದ ತೂಗುಹಾಕಲು. ಉಳಿದೆರಡು ಎರಡು ಪಕ್ಕಕ್ಕೆ. ಆಂಟೆನಾ ತಂತಿಯ ಎಳೆತ ಈ ಕೊಕ್ಕೆಗಳ ಮೇಲೆ ಬೀಳಬೇಕು. ಸಂಪರ್ಕದ ಬೋಲ್ಟಿಗೆ ಬರುವ ತುಂಡು ಸಡಿಲವಾಗಿ ಜೋತುಬಿದ್ದಿರಲಿ. ಕೋರನ್ನು ಒಳಗೆ ಟೈ ಹಾಕಿ ನಿಲ್ಲಿಸಿ, ಗಾಳಿಗೆ ಡಬ್ಬಿ ಅಲ್ಲಾಡುವಾಗ ಅದು ಬಡಿಯಬಾರದು.

ತಳದಲ್ಲಿ 3 ಮಿ.ಮೀ. ತೂತೊಂದು ಕೊರೆಯಿರಿ. ಪೂರ್ತಿ ಮುಚ್ಚಿದ ಡಬ್ಬಿಯೊಳಗೂ ಹಗಲು-ರಾತ್ರಿಯ ಬಿಸಿ-ತಂಪಿಗೆ ನೀರು ಹನಿಗಟ್ಟುತ್ತದೆ. ಹೊರಗೆ ಹೋಗಲು ದಾರಿ ಬೇಕು. ಮಲೆನಾಡು, ಕರಾವಳಿಯವರು ಇದನ್ನು ಮರೆಯಲೇಬಾರದು. ಮೇಲಿನ ಕೊಕ್ಕೆ ಮತ್ತು ಬೋಲ್ಟುಗಳ ಸುತ್ತ ಎಂ-ಸೀಲ್ ಅಥವಾ ಸಿಲಿಕೋನ್ ಹಚ್ಚಿ. ಮುಚ್ಚಳ ಹಾಕುವ ಮೊದಲು 50 ಓಮ್ ಪರೀಕ್ಷೆ ಇನ್ನೊಮ್ಮೆ ಮಾಡಿ.

## 8. ಮೇಲೆ ಏರಿಸಿ, ಪರೀಕ್ಷಿಸಿ

7.1 ಮೆಗಾಹರ್ಟ್ಸ್‌ಗೆ ಡೈಪೋಲಿನ ಒಟ್ಟು ಉದ್ದ ಸುಮಾರು 20.1 ಮೀಟರ್. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರಿನಲ್ಲಿ ಉದ್ದ ಸಿಗುತ್ತದೆ. ಪ್ರತಿ ಕೈ 10.3 ಮೀಟರ್ ಇಟ್ಟು, ಆಮೇಲೆ ಎರಡೂ ಕಡೆ ಸಮನಾಗಿ ಕತ್ತರಿಸುತ್ತ ಬನ್ನಿ. ಹಗ್ಗ ಎಸೆಯುವ ಮೊದಲು ಸುತ್ತ ಕರೆಂಟ್ ಲೈನ್ ಎಲ್ಲಿದೆ ನೋಡಿ. ತಂತಿ ಹರಿದು ಬಿದ್ದರೂ ಲೈನಿಗೆ ತಾಗದಷ್ಟು ದೂರ ಇರಲೇಬೇಕು. ಈ ವಿಷಯದಲ್ಲಿ "ಪರವಾಗಿಲ್ಲ ಬಿಡಿ" ಅನ್ನುವ ಮಾತೇ ಬೇಡ.

ಮೊದಲ ಪರೀಕ್ಷೆ ಕೈಯದು. ಶ್ಯಾಕ್‌ನಲ್ಲಿ (ರಿಗ್ ಇಟ್ಟ ಕೋಣೆಯಲ್ಲಿ) ಕೇಬಲ್ಲಿಗೆ ವಿಎನ್‌ಎ ಜೋಡಿಸಿ, ಎಸ್‌ಡಬ್ಲ್ಯುಆರ್ ಗ್ರಾಫ್ ನೋಡುತ್ತ ಕೇಬಲ್ಲನ್ನು ಮುಷ್ಟಿಯಲ್ಲಿ ಹಿಡಿದು ಉದ್ದಕ್ಕೂ ಕೈ ಜಾರಿಸಿ. ಗ್ರಾಫ್ ಅಲುಗಾಡಬಾರದು. ಅಲುಗಾಡಿದರೆ ಹೊರಮೈಯಲ್ಲಿ ಇನ್ನೂ ಕರೆಂಟ್ ಇದೆ. ಕೇಬಲ್ ಡೈಪೋಲಿನ ಒಂದು ಕೈಗೆ ಸಮಾನಾಂತರವಾಗಿ, ಹತ್ತಿರದಲ್ಲಿ ಓಡುತ್ತಿದೆಯಾ ನೋಡಿ. ಆಗ ಬಾಲನ್ ದಾಟಿದ ಮೇಲೂ ಕೇಬಲ್ ಕರೆಂಟ್ ಹೀರಿಕೊಳ್ಳುತ್ತದೆ. ಆದಷ್ಟು ಲಂಬವಾಗಿ ಕೆಳಗಿಳಿಸಿ. ಅಷ್ಟಾದರೂ ನಿಲ್ಲದಿದ್ದರೆ ಇದೇ ಥರದ ಇನ್ನೊಂದು ಕಾಯಿಲ್ ಸುತ್ತಿ, ಕೇಬಲ್ ಶ್ಯಾಕ್‌ಗೆ ಒಳಬರುವ ಜಾಗದಲ್ಲಿ ಹಾಕಿ.

ಎರಡನೆಯದು ಬಿಸಿಯದು. 50 ವ್ಯಾಟ್‌ನಲ್ಲಿ ಹತ್ತು ನಿಮಿಷ ಎಫ್‌ಟಿ8 ಓಡಿಸಿ. ಅದು 15 ಸೆಕೆಂಡಿನ ಸರದಿಯಲ್ಲಿ ಸುಮಾರು 12.6 ಸೆಕೆಂಡ್ ಪೂರ್ತಿ ಪವರ್ ಕಳಿಸುತ್ತದೆ. ಮೈಕ್‌ನಲ್ಲಿ ಆಡುವ ಎಸ್‌ಎಸ್‌ಬಿ ಮಾತಿಗಿಂತ ಕೋರಿಗೆ ಇದು ಕಠಿಣ ಪರೀಕ್ಷೆ. ರಿಗ್ ಆಫ್ ಮಾಡಿ, ಡಬ್ಬಿ ಇಳಿಸಿ, ತಕ್ಷಣ ಮುಚ್ಚಳ ತೆಗೆದು ಕೋರ್ ಮುಟ್ಟಿ ನೋಡಿ. ತಣ್ಣಗೆ ಅಥವಾ ಉಗುರುಬೆಚ್ಚಗೆ ಇರಬೇಕು. ಬೆರಳು ಇಡಲಾಗದಷ್ಟು ಸುಡುತ್ತಿದ್ದರೆ ಪವರ್ ಏರಿಸಬೇಡಿ. ಡೈಪೋಲಿನ ಎರಡು ಕೈ ಅಸಮವಾಗಿರಬಹುದು, ಇಲ್ಲವೇ ತಡೆ ಸಾಲದು. ಆರನೇ ಹಂತಕ್ಕೆ ವಾಪಸ್ ಹೋಗಿ.

ಮತ್ತೆ ಮೇಲೆ ಏರಿಸುವ ಮುನ್ನ ಸಾಕೆಟ್ಟಿಗೆ ಕೂರುವ ಪಿಎಲ್-259 ಪ್ಲಗ್ಗಿನ ಮೇಲೆ ಸೆಲ್ಫ್ ಫ್ಯೂಸಿಂಗ್ ಟೇಪ್ ಕೆಳಗಿನಿಂದ ಮೇಲಕ್ಕೆ ಸುತ್ತಿ, ಹೆಂಚು ಹೊದಿಸಿದಂತೆ ಮೇಲಿನ ಪದರ ಕೆಳಗಿನದನ್ನು ಮುಚ್ಚಲಿ. ಮೊದಲ ಮಳೆಗಾಲ ಮುಗಿದ ಮೇಲೆ ಒಮ್ಮೆ ಇಳಿಸಿ, ಸಾಕೆಟ್ ಪಿನ್ನಿನ ಸುತ್ತ ಹಸಿರು ಕಿಲುಬು ಕಂಡರೆ ಆ ಸಾಕೆಟ್ ಬದಲಿಸಿ.